ಅಪ್‌ಡೇಟ್: ಮಳೆಗಾಲದಲ್ಲಿ ಬೀದರ್‌ನಿಂದ ಸುರಪುರಕ್ಕೆ ಬೈಕ್‌ನಲ್ಲಿ ಒಳದಾರಿ

ಬೀದರ್, ಕಲಬುರಗಿ, ಜೇವರ್ಗಿ, ಶಹಾಪುರ, ಸುರಪುರ ಹೆದ್ದಾರಿ ಬಿಟ್ಟು ಮಳೆಗಾಲದಲ್ಲಿ ಹಳ್ಳಿ ದಾರಿ ಹಿಡಿಯಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹೋಗಿ ಬಂದಾಯ್ತು. ಡಾಂಬರಿದ್ದಲ್ಲಿ ಹೋಗಬಹುದು, ಕಚ್ಚಾ ದಾರಿಯಾದರೆ ಮಣ್ಣು ನೋಡಿ ನಿರ್ಧರಿಸಬೇಕು.

ಬೀದರ್, ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಚಿಂತೆಯಿಲ್ಲ.

ಜೇವರ್ಗಿ ದಾಟಿದ ಮೇಲಿನ ಎರೆ ಭೂಮಿಯೇ ಬೇರೆ. ಆ ಜೇಡಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟೈರಿಗೆ ಮೆತ್ತಿದ ಮಣ್ಣು ಮುಂದಿನ ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವೇ ಹಿಡಿದು ನಿಲ್ಲುತ್ತದೆ. ಆಗ ಎಕ್ಸಲರೇಟರ್ ತಿರುವಿದರೆ ಸುಡುವುದು ಕ್ಲಚ್ ಪ್ಲೇಟು. ಇಳಿದು, ಕೋಲಿನಿಂದ ಕೆರೆದು, ಆಮೇಲೆ ಹೊರಡಿ. ಟೈರಿಗೆ ತೀರಾ ಹತ್ತಿರವಿರುವ ಮಡ್‌ಗಾರ್ಡ್ ಆದರೆ ಹೊರಡುವ ಮೊದಲೇ ಬಿಚ್ಚಿಡುವುದು ಒಳ್ಳೆಯದು, ಸ್ಪ್ಯಾನರ್ ಜೊತೆಗಿರಲಿ. ಟೈರ್ ಗಾಳಿ ಇಳಿಸಿದರೆ ಮರಳಲ್ಲಿ ಉಪಯೋಗ, ಎರೆಯಲ್ಲಿ ಅಷ್ಟಿಲ್ಲ, ಟೈರಿನ ಗೀರುಗಳಲ್ಲಿ (ಟ್ರೆಡ್) ಮಣ್ಣು ತುಂಬಿದ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಮಳೆ ನಿಂತು ಒಂದೆರಡು ದಿನ ಒಳ್ಳೆ ಬಿಸಿಲು ಬೀಳುವವರೆಗೆ ಆ ದಾರಿ ಬೇಡವೇ ಬೇಡ. ಒಣಗಿದ ಮೇಲೂ ಟ್ರ್ಯಾಕ್ಟರ್ ಗಾಲಿಯ ಗುರುತು ಕಲ್ಲಿನಂತೆ ಗಟ್ಟಿ, ಅದರೊಳಗೆ ಮುಂದಿನ ಚಕ್ರ ಸಿಕ್ಕರೆ ತಿರುಗಿಸಲಾಗದು.

ಶಹಾಬಾದ್ ಫರ್ಸಿ (ನೆಲಹಾಸು ಕಲ್ಲು) ಗಣಿಗಳ ಸುತ್ತ ಕಲ್ಲಿನ ಚೂಪು ಅಂಚು ಟೈರಿನ ಪಕ್ಕೆ ಸೀಳುತ್ತದೆ. ಅಲ್ಲಿ ಪಂಕ್ಚರ್ ಕಿಟ್ ಸಾಲದು, ಬದಲಿ ಟ್ಯೂಬ್ ಬೇಕು.

ಭೀಮಾ ತೀರದಲ್ಲಿ ತಗ್ಗಿನ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಆಳ ಅಳೆಯುತ್ತ ನಿಲ್ಲಬೇಡಿ, ವಾಪಸ್ ತಿರುಗಿ. ಹೊಳೆಯ ಮೇಲ್ಭಾಗದಲ್ಲಿರುವ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದಿದ್ದರೂ ಹೊಳೆ ಏರುತ್ತದೆ.