ಸಹಾಯ ಬೇಕು: ಲಾರಿ ಬಾಡಿಗೆ ಬಿಲ್ ಮೂರು ತಿಂಗಳಿಂದ ಬಾಕಿ, ಫ್ಯಾಕ್ಟರಿಂಗ್‌ಗೆ ಕೊಡಬಹುದಾ?

ಅಣ್ಣಂದಿರೇ, ನಮ್ಮದು ಬಳ್ಳಾರಿ. ಮೂರು ಲಾರಿ ಇವೆ, ಸಂಡೂರು ಕಡೆಯಿಂದ ಅದಿರು ಸಾಗಿಸುತ್ತೇವೆ. ಲೋಡ್ ಕೊಡುವ ಪಾರ್ಟಿಯಿಂದ 6 ಲಕ್ಷ 40 ಸಾವಿರ ಬರಬೇಕು. ಕೇಳಿದರೆ 'ಮುಂದಿನ ವಾರ' ಅನ್ನುತ್ತಾರೆ. ಆ ವಾರ ಇನ್ನೂ ಬಂದಿಲ್ಲ! ಡೀಸೆಲ್, ಟೈರ್, ಲಾರಿ ಕಂತು ಯಾವುದೂ ಕಾಯುವುದಿಲ್ಲ ಅಲ್ವಾ?

ಈಗ ಒಂದು ಫ್ಯಾಕ್ಟರಿಂಗ್ ಕಂಪನಿಯವರು ಬಂದಿದ್ದಾರೆ. ಬಿಲ್ ಕೊಟ್ಟರೆ 80 ಪರ್ಸೆಂಟ್ ಕೂಡಲೇ ಹಾಕುತ್ತಾರಂತೆ. ಉಳಿದದ್ದು ಪಾರ್ಟಿ ಕೊಟ್ಟ ಮೇಲೆ, ಕಮಿಷನ್ ಮುರಿದುಕೊಂಡು. ಆದರೆ ಕರಾರಿನಲ್ಲಿ 'ವಿತ್ ರಿಕೋರ್ಸ್' ಅಂತ ಇದೆ. ಅಂದರೆ ಪಾರ್ಟಿ ಕೈ ಎತ್ತಿದರೆ ದುಡ್ಡು ನಾನೇ ವಾಪಸ್ ಕಟ್ಟಬೇಕು. ಇದು ಸಾಲ ಮಾಡಿದ ಹಾಗೇ ಆಯಿತು. ನನಗಂತೂ ಮನಸ್ಸಿಲ್ಲ.

ಟ್ರೆಡ್ಸ್ (ಬಾಕಿ ಬಿಲ್ ತೋರಿಸಿ ಬ್ಯಾಂಕ್‌ಗಳಿಂದ ಮುಂಚೆಯೇ ದುಡ್ಡು ಪಡೆಯುವ ಆನ್‌ಲೈನ್ ವೇದಿಕೆ) ಅಂತ ಒಂದಿದೆ, ಅದರಲ್ಲಿ ಆ ತಾಪತ್ರಯ ಇಲ್ಲ, ಆದರೆ ಬಿಲ್ಲನ್ನು ಪಾರ್ಟಿ ಒಪ್ಪಬೇಕು. ನಮ್ಮವರು ಫೋನನ್ನೇ ಎತ್ತುವುದಿಲ್ಲ.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಮೊದಲಿಂದಲೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಪಾರ್ಟಿ ದುಡ್ಡು ಕೊಡಲು ಹೆಚ್ಚೆಂದರೆ 45 ದಿನ, ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಫೆಸಿಲಿಟೇಷನ್ ಕೌನ್ಸಿಲ್‌ಗೆ (ಇಂಥ ಬಾಕಿಯ ದೂರು ಕೇಳುವ ಸರ್ಕಾರಿ ಮಂಡಳಿ) ದೂರು ಕೊಟ್ಟವರು ಯಾರಾದರೂ ಇದ್ದೀರಾ? ದುಡ್ಡು ಬಂತಾ? ದೂರು ಕೊಟ್ಟ ಮೇಲೆ ಪಾರ್ಟಿಯವರು ಲೋಡ್ ನಿಲ್ಲಿಸಿದರಾ? ನನಗೆ ಅದೇ ಭಯ.

ಎಲ್‌ಆರ್ (ಲಾರಿ ರಸೀದಿ), ತೂಕದ ಚೀಟಿ, ಸಹಿ ಹಾಕಿದ ಬಿಲ್ ಕಾಪಿ ಎಲ್ಲ ಇವೆ. ಇನ್ನೇನು ಬೇಕಾಗುತ್ತದೆ ಹೇಳಿ.