ವಿದ್ಯಾರ್ಥಿ ಪತ್ರಿಕೆಯ ಪುಟವಿನ್ಯಾಸ: ಎರಡು ಅಂಕಣವೋ, ಮೂರೋ?

ಪ್ರಶ್ನೆ
ವಿದ್ಯಾರ್ಥಿ ಪತ್ರಿಕೆಯ ಪುಟವಿನ್ಯಾಸದ ಹೊಣೆ ಮೊದಲ ಸಲ ನನ್ನ ಮೇಲೆ ಬಿದ್ದಿದೆ. ಎ4 ಅಳತೆ, ಬರಹಗಳು 30 ಪುಟಗಳಷ್ಟಾಗುತ್ತವೆ. ಎರಡು ಅಂಕಣ ಒಳ್ಳೆಯದೋ, ಮೂರೋ? ಮಾಡಿ ನೋಡಿದವರು ತಿಳಿಸಬೇಕೆಂದು ಕೋರುತ್ತೇನೆ.

ಮಾಜಿ ಸಂಪಾದಕಿ
ಅಂಕಣದ ವಿಚಾರ ಆಮೇಲಿರಲಿ. ನಾವೂ 30 ಪುಟಗಳನ್ನೇ ಕಟ್ಟಿ ಮುದ್ರಣಾಲಯಕ್ಕೆ ಒಯ್ದಿದ್ದೆವು. ನಡುವೆ ಮಡಚಿ ಪಿನ್ನು ಹೊಡೆಯುವ ಸಂಚಿಕೆಯ ಪುಟಗಳು 4ರಿಂದ ಭಾಗವಾಗಲೇಬೇಕೆಂಬುದು ಅಲ್ಲಿ ನಿಂತ ಮೇಲೆ ತಿಳಿಯಿತು. 32ಕ್ಕೆ ಹಣ ಸಾಲದೆ ಒಂದೇ ರಾತ್ರಿಯಲ್ಲಿ 28ಕ್ಕೆ ಇಳಿಸಿದೆವು. ಒಂದು ಕವಿತೆ, ಒಂದು ಪ್ರವಾಸ ಕಥನ ಹೋದವು. ಪರಿವಿಡಿಯನ್ನು ತಿದ್ದಲು ಮರೆತದ್ದರಿಂದ 400 ಪ್ರತಿಗಳಿಗೂ ತಪ್ಪೊಪ್ಪೋಲೆಯ ಚೀಟಿಯನ್ನು ಕೈಯಿಂದಲೇ ಅಂಟಿಸಿದೆವು. ಆ ಕವಿ ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ.

ಮೂರಂಕಣದವನು
ಮೂರೇ ಅಂಕಣ, ಎರಡನೆಯ ಮಾತಿಲ್ಲ. ನಾಲ್ಕು ಸಂಚಿಕೆಗಳನ್ನು ಹಾಗೆಯೇ ಮಾಡಿದ್ದೇನೆ. ಎಡಬಲಗಳಲ್ಲಿ 15 ಮಿ.ಮೀ. ಅಂಚು, ಅಂಕಣಗಳ ನಡುವೆ 5 ಮಿ.ಮೀ. ಬಿಟ್ಟರೆ ಒಂದೊಂದಕ್ಕೂ 56 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ನನಗೆ ಪೆಟ್ಟು ಬಿದ್ದದ್ದು ಚಿತ್ರಗಳಿಂದ. ಮೊಬೈಲಿನಲ್ಲಿ ಬಂದ, 1200 ಪಿಕ್ಸೆಲ್ ಅಗಲದ ಗುಂಪುಚಿತ್ರವನ್ನು ಪುಟದ ಪೂರ್ತಿ ಅಗಲಕ್ಕೆ ಹಿಗ್ಗಿಸಿದಾಗ, 300 ಇರಬೇಕಾದಲ್ಲಿ ಇಂಚಿಗೆ 145 ಪಿಕ್ಸೆಲ್ಲುಗಳಷ್ಟೇ ಉಳಿದವು. ಪರದೆಯ ಮೇಲೆ ಚೆನ್ನಾಗಿದ್ದ ಮುಖಗಳೆಲ್ಲ ಅಚ್ಚಿನಲ್ಲಿ ಮಬ್ಬಾದವು. ಚಿತ್ರದಲ್ಲಿದ್ದ ಪ್ರತಿಯೊಬ್ಬರೂ ಅದನ್ನು ನನಗೆ ಬೇರೆಬೇರೆಯಾಗಿ ಬಂದು ತಿಳಿಸಿದರು.

ಕರಡು ತಿದ್ದುವವಳು
56 ಮಿ.ಮೀ. ಅಂಕಣದಲ್ಲಿ ಕನ್ನಡವನ್ನು ಎರಡೂ ಅಂಚಿಗೆ ಸಮನಾಗಿ ಕೂರಿಸಿ ನೋಡಿದ್ದೀರಾ? ‘ಭಾಗವಹಿಸಿದವರೆಲ್ಲರಿಗೂ’ ಎಂಬಂತಹ ಪದವೊಂದು ಕೆಳಸಾಲಿಗೆ ಜಾರಿದರೆ, ಮೇಲಿನ ಸಾಲು ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ನಾನು ಎರಡೇ ಅಂಕಣ ಇಟ್ಟೆ. ಆದರೆ ಪುಟ ಉಳಿಸುವ ಆಸೆಯಿಂದ 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಂತರ (ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ದೂರ) ಕೊಟ್ಟು ಕೆಟ್ಟೆ: ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಸಾಲಿನ ಗುಡಿಸುಗಳ ಮೇಲೆ ಕುಳಿತವು. ಅದನ್ನು 18ಕ್ಕೆ ಏರಿಸಿದಾಗ ಎಲ್ಲ ಲೇಖನಗಳೂ ಉಕ್ಕಿ ಮುಂದಿನ ಪುಟಕ್ಕೆ ಹರಿದವು. ಆರು ದಿನಗಳ ಕೆಲಸ ನೀರಿನಲ್ಲಿ ಹೋಮವಾಯಿತು.

ಮೂರಂಕಣದವನು
ಎರಡೂ ಅಂಚಿಗೆ ಕೂರಿಸಬೇಕೆಂದು ನಾನು ಹೇಳಿದೆನೇ? ಎಡಕ್ಕೆ ಜೋಡಿಸಿ ಬಲ ಅಂಚನ್ನು ಬಿಟ್ಟುಬಿಡುವುದೂ ರೂಢಿಯೇ. ಓದಿ ಉತ್ತರಿಸಿರಿ.

ಕರಡು ತಿದ್ದುವವಳು
ಓದಿಯೇ ಉತ್ತರಿಸಿದ್ದೇನೆ. ಗರಗಸದಂತಹ ಮೂರು ಬಲ ಅಂಚುಗಳನ್ನು ಒಂದೇ ಪುಟದಲ್ಲಿ ನೋಡಬೇಕಾದ ಓದುಗರ ಕಣ್ಣನ್ನು ಕುರಿತು ತಾವು ಏನೂ ಹೇಳಲಿಲ್ಲ.

ಮಾಜಿ ಸಂಪಾದಕಿ
ಗರಗಸವೆಂದಾಗ ನೆನಪಾಯಿತು. ಅಂಚಿನವರೆಗೆ ಚಾಚಿದ ಮುಖಪುಟದ ಚಿತ್ರವನ್ನು ಕತ್ತರಿಯ ಪಾಲೆಂದು ಅಂಚಿನಾಚೆಗೂ 3 ಮಿ.ಮೀ. ಹಿಗ್ಗಿಸದೆ, ನಮ್ಮ ಪ್ರತಿಗಳ ಬದಿಯಲ್ಲೆಲ್ಲ ಬಿಳಿಗೆರೆ ಉಳಿದಿತ್ತು.

ಪ್ರಶ್ನೆ ಕೇಳಿದವನು
32 ಪುಟವೆಂದು ನಿಶ್ಚಯಿಸಿದೆ. ಲೇಖನಗಳಿಗೆ ಎರಡು, ಸುದ್ದಿತುಣುಕುಗಳಿಗೆ ಮೂರು ಅಂಕಣ ಎಂದು ಬೆರೆಸಬಹುದೇ?

ಕರಡು ತಿದ್ದುವವಳು
ಬೆರೆಸಬಹುದು. ಪುಟದ ತಳಚೌಕಟ್ಟನ್ನೇ (ಬರಹ, ಚಿತ್ರಗಳನ್ನು ಕೂರಿಸಲು ಆಧಾರವಾಗುವ ಗೆರೆಗಳ ಚೌಕಟ್ಟನ್ನು) ಆರು ಅಂಕಣಗಳಾಗಿ ವಿಭಾಗಿಸಿರಿ. ಮೂರು ಮೂರು ಕೂಡಿಸಿದರೆ ಎರಡು, ಎರಡೆರಡು ಕೂಡಿಸಿದರೆ ಮೂರು ಅಂಕಣ.

ಮೂರಂಕಣದವನು
ನನ್ನ ನಾಲ್ಕೂ ಸಂಚಿಕೆಗಳ ತಳಚೌಕಟ್ಟು ಅದೇ ಆಗಿತ್ತು. ಕೇಳಿದವರಿಲ್ಲ.