ಅಪ್‌ಡೇಟ್: ಅಪ್ಪನ ಊಟದ ತಟ್ಟೆ, ಮೂರು ತಿಂಗಳ ನಂತರ

ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ, ದಿನಾ ಕ್ಯಾಲೊರಿ ಲೆಕ್ಕ ಹಾಕದೆ ಊಟ ಹೊಂದಿಸೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ತಟ್ಟೆಯನ್ನೇ ಅಳತೆ ಮಾಡಿಕೊಳ್ಳಿ ಅಂದಿದ್ರಿ. ಅದನ್ನೇ ಹಿಡಿದೆವು.

9 ಇಂಚಿನ ತಟ್ಟೆ. ಅರ್ಧ ಭಾಗ ಸೊಪ್ಪು, ಬೀನ್ಸ್, ಕೋಸು ಇಂಥವು. ಕಾಲು ಭಾಗ ಕಾಳು ಇಲ್ಲವೇ ಮೊಟ್ಟೆ. ಉಳಿದ ಕಾಲು ಭಾಗ ಅನ್ನ. ಮೊದಲ ವಾರ ನಾನೇ ಎಡವಟ್ಟು ಮಾಡಿದೆ. ಆಲೂಗಡ್ಡೆಯೂ ತರಕಾರಿ ತಾನೇ ಅಂತ ಅರ್ಧ ತಟ್ಟೆ ಅದನ್ನೇ ತುಂಬಿದ್ದೆ! ಊಟ ಶುರುವಾಗಿ 2 ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿದರೆ ರಕ್ತದ ಸಕ್ಕರೆ 230 (mg/dL). ಆಲೂಗಡ್ಡೆ, ಮೆಕ್ಕೆಜೋಳ, ಬಟಾಣಿ ಎಲ್ಲ ಅನ್ನದ ಪಾಲಿಗೇ ಸೇರಬೇಕಂತೆ. ತಿದ್ದಿಕೊಂಡ ಮೇಲೆ ಹೆಚ್ಚಿನ ದಿನ ವೈದ್ಯರು ಹೇಳಿದ 180ರ ಒಳಗೇ ಇದೆ.

ಹಣ್ಣಿನ ರಸ ಬಿಟ್ಟು ಇಡೀ ಹಣ್ಣು ಕೊಡ್ತಿದ್ದೀವಿ. ಗೊಣಗಾಟ ಮಾತ್ರ ನಿಂತಿಲ್ಲ.

ಒಂದು ದಿನ ಅಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಡ ಮಾಡಿದರು. ಕೈನಡುಕ, ಬೆವರು, ಮೀಟರಿನಲ್ಲಿ 64. ಸಕ್ಕರೆ ತೀರಾ ಇಳಿದಿತ್ತು. 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿದರೆ 92. ಆಮೇಲೆ ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿದರು. ನಾವೂ ಊಟದ ಹೊತ್ತು ತಪ್ಪಿಸೋದಿಲ್ಲ.

ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.4% ಇದ್ದದ್ದು ಈಗ 7.3%.